ನೋಟಿಫಿಕೇಶನ್ ಬಂದಾಗ ಮಾತ್ರ ಓಡೋ ಕಾಲು

ಪ್ರಶ್ನೆ: ಮೇಡಂ ನಮಸ್ಕಾರ. ನನಗೆ 26 ವರ್ಷ, ಹಾವೇರಿ ಜಿಲ್ಲೆ, ವರದಾ ನದಿ ದಂಡೆ ಮೇಲಿನ ಊರು. ಬಿ.ಎ. ಮುಗ್ಸಿ ಧಾರವಾಡಕ್ಕೆ ಬಂದು ಮೂರು ವರ್ಷ ಆಯ್ತು, ಸಪ್ತಾಪುರದಲ್ಲಿ ರೂಮ್ ಮಾಡ್ಕೊಂಡು ಪೊಲೀಸ್ ಕಾನ್‌ಸ್ಟೇಬಲ್ (ಪಿಸಿ), ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಎರಡಕ್ಕೂ ಓದ್ತಾ ಇದೀನಿ. ಫಿಸಿಕಲ್ ಎರಡು ಸಲ ಪಾಸಾಗಿದೀನಿ, ಲಿಸ್ಟಲ್ಲಿ ಹೆಸರು ಬರ್ಲಿಲ್ಲ, ಒಂದ್ಸಲ ಎರಡೂವರೆ ಮಾರ್ಕ್ಸಲ್ಲಿ ಹೋಯ್ತು. ಭರ್ತಿಯ ನೋಟಿಫಿಕೇಶನ್ ಬಂತು ಅಂದ್ರೆ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ದಿನಾ ಎಂಟು-ಹತ್ತು ಕಿಲೋಮೀಟರ್ ಓಡ್ತೀನಿ, ಇಲ್ಲಾಂದ್ರೆ ತಿಂಗಳುಗಟ್ಲೆ ಗ್ರೌಂಡ್ ಕಡೆ ತಲೆ ಹಾಕಿ ಮಲಗಲ್ಲ. ಈಗ ಮತ್ತೆ ಶುರು ಮಾಡಿ ನಾಲ್ಕು ವಾರ, ಎಡಗಾಲಿನ ಕಣಕಾಲ ಮೂಳೆ, ಮೊಣಕಾಲಿಂದ ಪಾದದವರೆಗಿನದು, ಅದರ ಒಳಗಡೆ ಭಾಗ ನೋಯ್ತಿದೆ, ಮೊದಲು ಓಡುವಾಗ ಮಾತ್ರ ಇತ್ತು, ಈಗ ಮೆಟ್ಟಿಲು ಹತ್ತುವಾಗಲೂ ಬರುತ್ತೆ. ಗೆಳೆಯರು ನೋವಿನ ಇಂಜೆಕ್ಷನ್ ತಗೊಂಡು ಓಡು ಅಂತಾರೆ. ಸ್ಕಿಲ್ ಬೇಕು ಅಂತ ಸ್ಪೋಕನ್ ಇಂಗ್ಲಿಷ್ ಸೇರ್ದೆ, ಕಂಪ್ಯೂಟರಲ್ಲಿ ಲೆಕ್ಕ ಬರೆಯೋ ಟ್ಯಾಲಿ ಸೇರ್ದೆ, ಎರಡೂ ಅರ್ಧಕ್ಕೆ ಬಿಟ್ಟೆ. ಯೂಟ್ಯೂಬಲ್ಲಿ ಎಲ್ರೂ ಮೊದಲು ನಿನ್ನ ಜೀವನದ ಉದ್ದೇಶ ಕಂಡ್ಕೋ, ಫಿಟ್‌ನೆಸ್ಸು ಸ್ಕಿಲ್ಲು ಎಲ್ಲಾ ತಾನಾಗೇ ಬರುತ್ತೆ ಅಂತಾರೆ. ಖಾಕಿ ಹಾಕೋದೇ ನನ್ನ ಉದ್ದೇಶ ಅಂದ್ಕೊಂಡಿದ್ದೆ, ಅದು ಸಿಗದಿದ್ರೆ ನಾನು ಯಾರು ಅಂತಾನೇ ಗೊತ್ತಾಗಲ್ಲ, ಒಮ್ಮೊಮ್ಮೆ ಯಾಕೆ ಬದುಕಬೇಕು ಅನ್ಸುತ್ತೆ. ಅಪ್ಪ ಮೂರು ಎಕರೆಯಲ್ಲಿ ಗೋವಿನಜೋಳ ಹಾಕ್ತಾರೆ, ದುಡ್ಡು ಕಳಿಸಿ ಕಳಿಸಿ ಸಾಕಾಗಿದೆ, ಬಾಯ್ಬಿಟ್ಟು ಹೇಳಲ್ಲ. 2019ರಲ್ಲಿ ಹೊಳೆ ಬಂದಾಗ ನಾವು ಹುಡುಗ್ರೆಲ್ಲ ಸೇರಿ ಊರಿನ ಮುದುಕ್ರು, ಮಕ್ಕಳು, ದನ ಎಲ್ಲಾ ಎತ್ತರಕ್ಕೆ ಸಾಗ್ಸಿದ್ವಿ, ಆವತ್ತು ಮಾತ್ರ ಇಂಥ ಪ್ರಶ್ನೆ ಬಂದಿರ್ಲಿಲ್ಲ. ಉದ್ದೇಶ ಹುಡುಕೋದು ಹೆಂಗೆ ಹೇಳಿ.

ಉತ್ತರ:

ತಮ್ಮಾ, ನೀನು ಅಂತಾನೇ ಕರೀತೀನಿ, ನಿನ್ನ ವಯಸ್ಸಿನ ಹುಡುಗ್ರನ್ನ ದಿನಾ ನೋಡ್ತೀನಿ. ನಾನು ಫಿಸಿಯೋಥೆರಪಿಸ್ಟ್, ಶಿವಮೊಗ್ಗ ಕಡೆಯವಳು, ಧಾರವಾಡಕ್ಕೆ ಬಂದು 17 ವರ್ಷ ಆಯ್ತು, ಈ 17 ವರ್ಷದಲ್ಲಿ ನನ್ನ ಹತ್ರ ಬಂದವ್ರಲ್ಲಿ ಅರ್ಧಕ್ಕರ್ಧ ಭರ್ತಿಗೆ ಓಡೋ ಹುಡುಗ ಹುಡುಗಿಯರೇ.

ನಿನ್ನ ಪತ್ರದ ಮಧ್ಯೆ "ಯಾಕೆ ಬದುಕಬೇಕು ಅನ್ಸುತ್ತೆ" ಅಂತ ಒಂದು ಮಾತಿದೆಯಲ್ಲ, ಮೊದಲು ಅದಕ್ಕೇ ಬರ್ತೀನಿ, ಕಾಲು ಆಮೇಲೆ. ಅದು ಬಂದು ಹೋಗೋ ಯೋಚನೆ ಆಗಿರಬಹುದು, ಆದ್ರೂ ಒಬ್ಬನೇ ಇಟ್ಕೋಬೇಡ. 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ಸರ್ಕಾರದ್ದೇ, 2022ರಿಂದ ಇದೆ, ದುಡ್ಡಿಲ್ಲ, ಯಾವ ಹೊತ್ತಲ್ಲಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಆ ಯೋಚನೆ ವಾರದಲ್ಲಿ ಎರಡು ಮೂರು ಸಲ ಬರ್ತಿದೆ, ನಿದ್ದೆ ಇಲ್ಲ, ಊಟ ಸೇರ್ತಿಲ್ಲ ಅಂದ್ರೆ ಫೋನಲ್ಲಿ ಮಾತಾಡಿದ್ರೆ ಸಾಲ್ದು, ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇರೋದೇ ಧಾರವಾಡದಲ್ಲಿ, ಒಂದು ಬೆಳಿಗ್ಗೆ ಹೋಗಿ ಓಪಿಡಿ ಚೀಟಿ ಮಾಡ್ಸು. ಅಲ್ಲಿಗೆ ಹೋದ್ರೆ ಹುಚ್ಚು ಅಂತಾರೆ, ಪೊಲೀಸ್ ವೆರಿಫಿಕೇಶನ್ನಲ್ಲಿ ಬರುತ್ತೆ ಅಂತೆಲ್ಲ ರೂಮಲ್ಲಿ ಹೇಳೋವ್ರು ಇರ್ತಾರೆ, ಅವರ ಮಾತು ಕೇಳ್ಬೇಡ. ಇದಕ್ಕೆ ಸಹಾಯ ತಗೊಂಡು ಈಗ ಆರಾಮಾಗಿ ಡ್ಯೂಟಿ ಮಾಡ್ತಿರೋ ಹುಡುಗ್ರನ್ನ ನಾನು ನೋಡಿದೀನಿ.

ಈಗ ಕಾಲು. ಈ ವಾರ ಓಡ್ಬೇಡ. ನಾಳೇನೂ ಬೇಡ, ನಿಧಾನಕ್ಕೂ ಬೇಡ.

ಯಾಕಂದ್ರೆ ಕಣಕಾಲ ಮೂಳೆಯ ಒಳಬದಿ ನೋವಲ್ಲಿ ಎರಡು ಥರ ಇದೆ. ಒಂದರಲ್ಲಿ ಮೂಳೆ ಉದ್ದಕ್ಕೂ ಒಂದು ಗೇಣಿನಷ್ಟು ಜಾಗ ಒತ್ತಿದ್ರೆ ನೋಯುತ್ತೆ, ಓಡೋಕೆ ಶುರು ಮಾಡಿದಾಗ ಇರುತ್ತೆ, ಮೈ ಬಿಸಿಯಾದಂಗೆ ಕಡಿಮೆ ಆಗುತ್ತೆ, ಅದನ್ನ ಶಿನ್ ಸ್ಪ್ಲಿಂಟ್ಸ್ ಅಂತಾರೆ, ಓಟ ತಗ್ಗಿಸಿ ಸ್ನಾಯು ಬಲ ಮಾಡಿದ್ರೆ ವಾಸಿ ಆಗುತ್ತೆ. ಇನ್ನೊಂದರಲ್ಲಿ ಒಂದೇ ಒಂದು ಜಾಗ, ಬೆರಳ ತುದಿ ಇಟ್ಟು ಇಲ್ಲೇ ಅಂತ ತೋರಿಸಬಹುದು, ಓಡ್ತಾ ಓಡ್ತಾ ಜಾಸ್ತಿ ಆಗುತ್ತೆ, ಆಮೇಲೆ ನಡೆದ್ರೂ ಬರುತ್ತೆ, ಕೊನೆಗೆ ರಾತ್ರಿ ಮಲಗಿದ್ರೂ ಕುಟುಕುತ್ತೆ. ಇದು ಮೂಳೆಯಲ್ಲಿ ಕೂದಲೆಳೆ ಬಿರುಕು, ಸ್ಟ್ರೆಸ್ ಫ್ರ್ಯಾಕ್ಚರ್. ನಿಂದು ಓಡುವಾಗ ಇದ್ದಿದ್ದು ಮೆಟ್ಟಿಲಿಗೆ ಬಂದಿದೆ ಅಂದ್ರೆ ಎರಡನೇದು ಅಲ್ಲ ಅಂತ ಗ್ಯಾರಂಟಿ ಆಗೋವರೆಗೂ ಎರಡನೇದೇ ಅಂತ ನಡ್ಕೋಬೇಕು. ಮೂಳೆ ಡಾಕ್ಟರಿಗೆ ತೋರ್ಸು. ಎಕ್ಸ್‌ರೇ ನಾರ್ಮಲ್ ಬಂದ್ರೆ ಖುಷಿಯಾಗಿ ಮತ್ತೆ ಗ್ರೌಂಡಿಗೆ ಹೋಗ್ಬೇಡ, ಶುರುವಿನ ಎರಡು ಮೂರು ವಾರ ಈ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ, ಅನುಮಾನ ಇದ್ರೆ ಎಂಆರ್‌ಐ ಬರೀತಾರೆ.

ಮತ್ತೆ ಆ ಇಂಜೆಕ್ಷನ್. ನೋವು ಅನ್ನೋದು ಮೂಳೆ ನಿನ್ನ ಜೊತೆ ಮಾತಾಡೋ ಒಂದೇ ದಾರಿ, ಅದರ ಬಾಯಿ ಮುಚ್ಚಿಸಿ ಓಡಿದ್ರೆ ಎಳೆ ಬಿರುಕು ಇರೋ ಮೂಳೆ ಪೂರ್ತಿ ಮುರಿಯಬಹುದು. ಹಿಂಗೇ ಇಂಜೆಕ್ಷನ್ ತಗೊಂಡು ಟ್ರ್ಯಾಕಿಗೆ ಇಳಿದು ಮೂರನೇ ಸುತ್ತಲ್ಲಿ ಕಾಲು ಮುರ್ಕೊಂಡ ಹುಡುಗನ್ನ ಸ್ಟ್ರೆಚರಲ್ಲಿ ನೋಡಿದೀನಿ ನಾನು, ಆಮೇಲೆ ಒಳಗೆ ರಾಡ್ ಹಾಕಿದ್ರು, ಆ ವರ್ಷ ಪೂರ್ತಿ ಹೋಯ್ತು. ನಿನಗೆ ಸಲಹೆ ಕೊಟ್ಟ ಗೆಳೆಯರು ಕೆಟ್ಟವ್ರಲ್ಲ, ಅವರಿಗೆ ಗೊತ್ತಿಲ್ಲ ಅಷ್ಟೇ.

ಇಷ್ಟೊಂದು ಕಾಲಿನ ವಿಷ್ಯ ಯಾಕೆ, ನಾನು ಕೇಳಿದ್ದು ಉದ್ದೇಶ ಅಲ್ವಾ ಅಂತ ನಿನಗೆ ಅನ್ನಿಸ್ತಿರಬಹುದು. ನಿನ್ನ ಎರಡೂ ಪ್ರಶ್ನೆಗೆ ಬೇರು ಒಂದೇ ಅಂತ ನನಗೆ ಕಾಣ್ತಿದೆ. ನೋಡು, ಓಡೋಕೆ ಶುರು ಮಾಡಿದ್ರೆ ಎರಡು ಮೂರು ವಾರಕ್ಕೇ ಉಸಿರು ಹಿಡಿತಕ್ಕೆ ಬರುತ್ತೆ, ಸ್ನಾಯುಗೆ ಒಂದೂವರೆ ಎರಡು ತಿಂಗಳು ಬೇಕು, ಮೂಳೆಗೆ ಮಾತ್ರ ಮೂರು ನಾಲ್ಕು ತಿಂಗಳು, ಯಾಕಂದ್ರೆ ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೇ ಭಾಗನ ಕರಗಿಸಿಕೊಳ್ಳುತ್ತೆ ಆಮೇಲೆ ಹೊಸದು ಕಟ್ಟುತ್ತೆ, ಮನೆ ರಿಪೇರಿಗೆ ಹಳೇ ಗೋಡೆ ಬಿಚ್ಚಿದಂಗೆ, ಆ ಮಧ್ಯದ ಮೂರು ನಾಲ್ಕು ವಾರ ಅದು ಮೊದಲಿಗಿಂತ ನಾಜೂಕಾಗಿರುತ್ತೆ. ಸರಿಯಾಗಿ ಅದೇ ಹೊತ್ತಿಗೆ ನಿನ್ನ ಉಸಿರು ಚೆನ್ನಾಗಾಗಿ ನೀನು ಎಂಟು ಇದ್ದಿದ್ದು ಹತ್ತು ಮಾಡಿರ್ತೀಯ. ನೋಟಿಫಿಕೇಶನ್ ಬಂದ ನಾಲ್ಕನೇ ವಾರಕ್ಕೆ ನನ್ನ ಕ್ಲಿನಿಕ್ ತುಂಬೋದು ಇದಕ್ಕೇನೇ. ಒಂದು ತಾರೀಖಿಗೋಸ್ಕರ ಓಡೋನು ಸೊನ್ನೆಯಿಂದ ಹತ್ತಕ್ಕೆ ಹೋಗ್ತಾನೆ, ತಾರೀಖು ಮುಗೀತು ಮತ್ತೆ ಸೊನ್ನೆ. ಮೂಳೆಗೆ ಆಗಿ ಬರದೇ ಇರೋದು ಈ ಹತ್ತು-ಸೊನ್ನೆ ಆಟ, ಓಟ ಅಲ್ಲ. ನಿನ್ನ ಮನಸ್ಸಿಗೆ ಆಗ್ತಿರೋದೂ ಅದೇನೇ.

ಖಾಕಿ ಒಂದು ಗುರಿ, ಒಳ್ಳೇ ಗುರಿ, ಅದಕ್ಕೆ ತಾರೀಖಿದೆ ಪಾಸು ಫೇಲು ಇದೆ. ಉದ್ದೇಶಕ್ಕೆ ಅದ್ಯಾವುದೂ ಇರಲ್ಲ. ಗುರಿ ಬೇರೆಯವರ ಕೈಯಲ್ಲಿ ಎಷ್ಟು ಇರುತ್ತೆ ಅನ್ನೋದಕ್ಕೆ ನಿನ್ನ ಸೀನಿಯರ್‌ಗಳನ್ನೇ ಕೇಳು. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯ್ತು, ಅಕ್ರಮ ಹೊರಗೆ ಬಂದು 2022ರ ಏಪ್ರಿಲ್‌ನಲ್ಲಿ ರದ್ದಾಯ್ತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಮಧ್ಯದಲ್ಲಿ ಹತ್ತಿರ ಹತ್ತಿರ ಎರಡು ವರ್ಷ, ಪ್ರಾಮಾಣಿಕವಾಗಿ ಓದಿ ಬರೆದ ಸಾವಿರಾರು ಜನ ಏನೂ ತಪ್ಪು ಮಾಡದೇ ಕಾಯ್ತಾ ಕೂತ್ರು. ಆ ಹೊತ್ತಲ್ಲಿ ನನ್ನ ಹತ್ರ ಬರ್ತಿದ್ದ ಹುಡುಗ್ರಲ್ಲಿ ಕೆಲವ್ರು ಪೂರ್ತಿ ಕುಸಿದು ಹೋದ್ರು, ಕೆಲವ್ರು ಹೋಗ್ಲಿಲ್ಲ, ಏನು ವ್ಯತ್ಯಾಸ ಅಂತ ನಾನು ಆಗ ತುಂಬಾ ಯೋಚನೆ ಮಾಡಿದ್ದೆ. ಬುದ್ಧಿ ಅಲ್ಲ, ಮನೆ ಕಡೆ ದುಡ್ಡೂ ಅಲ್ಲ. ನಿಂತವ್ರಿಗೆಲ್ಲ ಅಷ್ಟೊತ್ತಿಗೇ ಕೈಗೆ ಹತ್ತಿದ ಒಂದು ಕೆಲಸ ಇತ್ತು, ಒಬ್ಬ ಸಂಜೆ ಚಿಕ್ಕ ಹುಡುಗರಿಗೆ ಕಬಡ್ಡಿ ಕಲಿಸ್ತಿದ್ದ, ಒಬ್ಬಳು ಲೈಬ್ರರಿಯಲ್ಲಿ ಜೂನಿಯರ್‌ಗಳಿಗೆ ಗಣಿತ ಹೇಳ್ಕೊಡ್ತಿದ್ಲು, ಅಂದ್ರೆ ಬೆಳಿಗ್ಗೆ ಎದ್ದಾಗ ಅವರನ್ನ ಯಾರೋ ಕಾಯ್ತಿದ್ರು.

ಯೂಟ್ಯೂಬಿನವ್ರು ಹೇಳೋ "ಮೊದಲು ಉದ್ದೇಶ ಕಂಡ್ಕೋ" ಅನ್ನೋದನ್ನ ನಾನು ಒಪ್ಪಲ್ಲ. ನಾಲ್ಕು ಬಳೆ ಒಂದರ ಮೇಲೊಂದು ಬರೆದು ಮಧ್ಯದಲ್ಲಿ ಇಕಿಗೈ ಅಂತ ಇರೋ ಚಿತ್ರ ನೀನೂ ನೋಡಿರ್ತೀಯ, ನಿನಗೆ ಇಷ್ಟ ಆಗೋದು, ಬರೋದು, ಜಗತ್ತಿಗೆ ಬೇಕಾದ್ದು, ದುಡ್ಡು ಸಿಗೋದು ನಾಲ್ಕೂ ಸೇರೋ ಜಾಗವೇ ನಿನ್ನ ಉದ್ದೇಶ ಅಂತಾರಲ್ಲ, ಆ ಚಿತ್ರ ಜಪಾನಿದ್ದೇ ಅಲ್ಲ. ಅದು ಸ್ಪೇನಿನ ಒಬ್ಬ ಜ್ಯೋತಿಷಿ ಬರೆದ ಚಿತ್ರ, 2014ರಲ್ಲಿ ಒಬ್ಬ ಬ್ಲಾಗರ್ ಅದರ ಮಧ್ಯದಲ್ಲಿ ಇಕಿಗೈ ಅನ್ನೋ ಪದ ಕೂರಿಸಿದ. ಜಪಾನಿನಲ್ಲಿ ಆ ಪದಕ್ಕೆ ಬದುಕೋಕೆ ಹುರುಪು ಕೊಡೋದು ಅಂತಷ್ಟೇ ಅರ್ಥ, ಮೊಮ್ಮಗು ಆಗಬಹುದು, ಹಿತ್ತಲಲ್ಲಿ ಬೆಳೆದ ತರಕಾರಿ ಆಗಬಹುದು. ಅಲ್ಲಿನ ಒಸಾಕಿ ಅನ್ನೋ ಕಡೆ 40ರಿಂದ 79 ವಯಸ್ಸಿನ 43 ಸಾವಿರಕ್ಕೂ ಹೆಚ್ಚು ಜನರನ್ನ ಏಳು ವರ್ಷ ಗಮನಿಸಿದ ಒಂದು ಅಧ್ಯಯನ 2008ರಲ್ಲಿ ಬಂತು, ಇಕಿಗೈ ಇದೆ ಅಂದವ್ರಿಗಿಂತ ಇಲ್ಲ ಅಂದವ್ರಲ್ಲಿ ಸಾವಿನ ಪ್ರಮಾಣ ಜಾಸ್ತಿ ಇತ್ತು, ಅದರಲ್ಲೂ ಹೃದಯ ಮತ್ತೆ ರಕ್ತನಾಳದ ಕಾಯಿಲೆಯಿಂದ. ಅವರಿಗೆ ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಬದುಕಲ್ಲಿ ಇಕಿಗೈ ಇದೆಯಾ ಅಂತ. ಇದ್ರಿಂದ ಉದ್ದೇಶ ಇದ್ರೆ ಆಯಸ್ಸು ಜಾಸ್ತಿ ಅಂತ ನೇರ ಹೇಳಕ್ಕಾಗಲ್ಲ, ಆರೋಗ್ಯ ಚೆನ್ನಾಗಿರೋವ್ರಿಗೇ ಹುರುಪು ಜಾಸ್ತಿ ಇರೋದೂ ಉಂಟು, ಎರಡೂ ಒಂದನ್ನೊಂದು ಎಳ್ಕೊಂಡು ಹೋಗ್ತವೆ. ನಾನು ಕಣ್ಣಾರೆ ಕಂಡಿರೋದೂ ಅಷ್ಟೇ. ಉದ್ದೇಶ ಸಿಕ್ಕಿದ್ಮೇಲೆ ಓಡೋಕೆ ಶುರು ಮಾಡಿದವರು ಕಡಿಮೆ, ಮೈ ಬಗ್ಗಿಸಿ ಏನೋ ಒಂದು ಮಾಡ್ತಾ ಇದ್ದು, ಅದು ಇನ್ನೊಬ್ರಿಗೆ ಉಪಯೋಗಕ್ಕೆ ಬಿದ್ದು, ಓ ಇದು ನನ್ನ ಕೈಲಾಗುತ್ತೆ ಇದು ಬೇಕಾಗಿದೆ ಅಂತ ಗೊತ್ತಾದವ್ರೇ ಜಾಸ್ತಿ.

21 ದಿನ ಮಾಡಿದ್ರೆ ಅಭ್ಯಾಸ ಆಗುತ್ತೆ ಅನ್ನೋದೂ ಹಂಗೇ. 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದಿದ್ದು ಅದು, ಆಪರೇಶನ್ ಆದವ್ರಿಗೆ ತಮ್ಮ ಹೊಸ ಮುಖ ಒಗ್ಗೋಕೆ ಕಡಿಮೆ ಅಂದ್ರೂ 21 ದಿನ ಬೇಕು ಅಂತ, ಬರ್ತಾ ಬರ್ತಾ ಜನ ಕಡಿಮೆ ಅಂದ್ರೂ ಅನ್ನೋದನ್ನ ಬಿಟ್ಬಿಟ್ರು. ಲಂಡನ್ನಲ್ಲಿ 96 ಜನರ ಮೇಲೆ ನೋಡಿದಾಗ ಸರಾಸರಿ 66 ದಿನ ಹಿಡೀತು, ಕೆಲವ್ರಿಗೆ 18 ಸಾಕಾಯ್ತು, ಅವರ ಲೆಕ್ಕದ ಪ್ರಕಾರ ಕೆಲವ್ರಿಗೆ 254 ದಿನಾನೂ ಬೇಕಿತ್ತು. ನಿನಗೆ ಉಪಯೋಗ ಆಗೋ ಇನ್ನೊಂದು ವಿಷ್ಯ ಅದರಲ್ಲೇ ಇದೆ, ಮಧ್ಯೆ ಒಂದು ದಿನ ತಪ್ಪಿದ್ರೆ ಏನೂ ಹಾಳಾಗಲ್ಲ. ಇಂಗ್ಲಿಷ್ ಕ್ಲಾಸು ಟ್ಯಾಲಿ ಕ್ಲಾಸು ಬಿಟ್ಟಿದ್ದಕ್ಕೆ ನಿನ್ನ ಮೇಲೆ ನೀನು ತೀರ್ಪು ಕೊಟ್ಕೊಂಡಿದೀಯಲ್ಲ, ಅದಕ್ಕೆ ಹೇಳ್ತಿದೀನಿ. ಟ್ಯಾಲಿ ಯಾಕೆ ಬಿಟ್ಟೆ ಗೊತ್ತಾ, ಅದನ್ನ ಕಲಿತು ಸಂಜೆ ಬಂದು ಉಪಯೋಗಿಸೋಕೆ ನಿನ್ನ ಬದುಕಲ್ಲಿ ಒಂದು ಲೆಕ್ಕದ ಪುಸ್ತಕಾನೂ ಇರ್ಲಿಲ್ಲ. ಅದು ಸೋಮಾರಿತನ ಅಲ್ಲ. ಡೆಸಿ ಮತ್ತೆ ರಯಾನ್ ಅಂತ ಇಬ್ರು ಅಮೆರಿಕದ ಮನಃಶಾಸ್ತ್ರಜ್ಞರು ಇದನ್ನ ದಶಕಗಟ್ಟಲೆ ಅಭ್ಯಾಸ ಮಾಡಿದಾರೆ, ಮನುಷ್ಯ ಒಂದು ಕೆಲಸಕ್ಕೆ ತಾನಾಗೇ ಅಂಟಿಕೊಳ್ಳೋಕೆ ಮೂರು ಬೇಕು ಅಂತಾರೆ: ನಾನೇ ಆರಿಸಿಕೊಂಡೆ ಅನ್ನಿಸ್ಬೇಕು, ದಿನದಿನಕ್ಕೆ ಚೂರು ಚೂರು ಕೈಗೆ ಹತ್ತುತ್ತಿದೆ ಅನ್ನಿಸ್ಬೇಕು, ಜೊತೆಗೆ ಯಾರೋ ಇದಾರೆ ಅನ್ನಿಸ್ಬೇಕು. ನಿನ್ನ ಟ್ಯಾಲಿಯಲ್ಲಿ ಮೂರೂ ಇರ್ಲಿಲ್ಲ. 2019ರ ಆಗಸ್ಟಲ್ಲಿ ಹೊಳೆ ಬಂದಾಗ ಮೂರೂ ಇತ್ತು.

ಆ ಪ್ರವಾಹದ ಮಾತನ್ನ ಪತ್ರದ ಕೊನೆಗೆ ಬರೆದಿದೀಯ, ನನಗೆ ಮಾತ್ರ ಅದು ಎಲ್ಲಕ್ಕಿಂತ ಮೊದಲು ಕಾಣ್ತು. ಆವತ್ತು ನಿನಗೆ ಸಂಬಳ ಇರ್ಲಿಲ್ಲ ಯೂನಿಫಾರ್ಮ್ ಇರ್ಲಿಲ್ಲ, ಮೈಯಲ್ಲಿ ಕಸುವಿತ್ತು, ನೀರಿನ ಪರಿಚಯ ಇತ್ತು, ಯಾರ ಮನೇಲಿ ನಡೆಯಕ್ಕಾಗದ ಅಜ್ಜಿ ಇದಾಳೆ ಅಂತ ಗೊತ್ತಿತ್ತು. ಖಾಕಿ ಮೇಲೆ ನಿನಗೆ ಆಸೆ ಹುಟ್ಟಿದ್ದೂ ಅಲ್ಲಿಂದಾನೇ ಇರಬಹುದು ಅಂತ ನನ್ನ ಊಹೆ, ಹೌದೋ ಅಲ್ವೋ ನೀನೇ ಒಂದ್ಸಲ ಕೂತು ನೋಡ್ಕೋ. ಹೌದು ಅಂದ್ರೆ, ಕಷ್ಟಕ್ಕೆ ಸಿಕ್ಕವ್ರ ಹತ್ರ ಮೊದಲು ತಲುಪೋನು ನಾನಾಗ್ಬೇಕು ಅನ್ನೋದು ನಿನ್ನ ಉದ್ದೇಶ, ಪೊಲೀಸ್ ಕೆಲಸ ಅದಕ್ಕಿರೋ ದಾರಿಗಳಲ್ಲಿ ಒಂದು. ಸೇನೆಗೆ ಅಗ್ನಿವೀರ್ ಆಗಿ ಸೇರಿದ ಹುಡುಗ್ರಿಗೂ ನಾನು ಇದನ್ನೇ ಹೇಳೋದು, ನಾಲ್ಕು ವರ್ಷ ಆದ್ಮೇಲೆ ಹೆಚ್ಚೆಂದ್ರೆ ನೂರಕ್ಕೆ 25 ಜನ ಉಳೀತಾರೆ, ಉಳಿದವ್ರು 22-25ನೇ ವಯಸ್ಸಿಗೆ ಯೂನಿಫಾರ್ಮ್ ಬಿಚ್ಚಿಟ್ಟು ಊರಿಗೆ ಬರ್ಬೇಕು, ಅವತ್ತು ಕೈಯಲ್ಲಿ ಏನು ಉಳಿದಿರುತ್ತೆ ಅನ್ನೋದನ್ನ ಸೇರೋ ದಿನಾನೇ ಯೋಚನೆ ಮಾಡ್ಬೇಕು.

ಉದ್ದೇಶನ ಹಿಂಗೆ ಇಟ್ಕೊಂಡ್ರೆ ನಿನ್ನ ವ್ಯಾಯಾಮದ ಲೆಕ್ಕಾನೇ ಬದಲಾಗುತ್ತೆ. ಪಿಸಿಗೆ 1600 ಮೀಟರ್ ಆರೂವರೆ ನಿಮಿಷದಲ್ಲಿ ಮುಗಿಸ್ಬೇಕು, 400 ಮೀಟರ್ ಟ್ರ್ಯಾಕಿಗೆ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡ್. ಐದೂವರೆಯಲ್ಲಿ ಓಡಿದ್ರೂ ಅಲ್ಲಿ ಎಕ್ಸ್‌ಟ್ರಾ ಮಾರ್ಕ್ಸ್ ಇಲ್ಲ, ಬರೀ ಪಾಸು. ಎರಡು ಸಲ ಪಾಸಾದವನು ನೀನು, ದಿನಾ ಹತ್ತು ಕಿಲೋಮೀಟರ್ ಯಾರಿಗೋಸ್ಕರ ಓಡ್ತಿದೀಯ? ಹೆದರಿಕೆಗೆ ಓಡ್ತಿದೀಯ ಅಂತ ನನಗನ್ನಿಸುತ್ತೆ, ಓದೋಕೆ ಕೂತ್ರೆ ಆಗದ ಸಮಾಧಾನ ಓಡಿದ್ರೆ ಆಗುತ್ತೆ, ಏನೋ ಮಾಡಿದೆ ಅನ್ಸುತ್ತೆ. ನೀನು ಸೋತಿದ್ದು ಲಿಖಿತದಲ್ಲಿ, ಮುರ್ಕೋತಿರೋದು ಕಾಲು.

ಸಂಕಟದಲ್ಲಿರೋವ್ರ ಹತ್ರ ತಲುಪೋಕೆ ಎಂಥ ಮೈ ಬೇಕು ಅಂತ ಕೇಳ್ಕೋ. 60 ಕೆಜಿ ಮನುಷ್ಯನ್ನ ಮೊಣಕಾಲುದ್ದ ನೀರಲ್ಲಿ ಐವತ್ತು ಮೀಟರ್ ಹೊತ್ಕೊಂಡು ಬರ್ಬೇಕು, ಅದಕ್ಕೆ ತೊಡೆ, ಸೊಂಟ, ಬೆನ್ನು, ಕೈ ಹಿಡಿತ ಬೇಕು. ಎದೆ ಒತ್ತೋದು, ಅಂದ್ರೆ ಸಿಪಿಆರ್, ನಿಮಿಷಕ್ಕೆ 100ರಿಂದ 120 ಸಲ ಐದಾರು ಸೆಂಟಿಮೀಟರ್ ಆಳಕ್ಕೆ ಒತ್ಬೇಕು, ಎಂಥ ಗಟ್ಟಿಗನಿಗೂ ಎರಡು ನಿಮಿಷಕ್ಕೆ ಸುಸ್ತಾಗಿ ಆಳ ಕಡಿಮೆ ಆಗುತ್ತೆ, ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಯಿಸ್ಬೇಕು ಅಂತ ಕಲಿಸ್ತಾರೆ, ಊರಲ್ಲಿ ನೀನೊಬ್ಬನೇ ಕಲಿತವನಾದ್ರೆ ಆಂಬುಲೆನ್ಸ್ ಬರೋವರೆಗೂ ನೀನೇ ಒತ್ಬೇಕು. ಅಲ್ಲಿ ನಿನ್ನ ಸ್ಟ್ಯಾಮಿನಾ ಒಬ್ಬರ ಪ್ರಾಣದ ಲೆಕ್ಕ. ನೀರಿನ ವಿಷ್ಯಾನೂ ಹಂಗೇ, ಹೊಳೆ ದಂಡೆಯವನು ಈಜು ಬರುತ್ತೆ ಅಂತ ಮುಳುಗ್ತಿರೋನ ಹತ್ರ ಹಾರಬಾರ್ದು, ಅವನು ಅಪ್ಪಿಕೊಂಡು ಇಬ್ರೂ ಹೋಗ್ತಾರೆ, ಪ್ರತಿ ವರ್ಷ ಪೇಪರಲ್ಲಿ ಓದ್ತೀವಿ, ಒಬ್ಬನ್ನ ಉಳಿಸೋಕೆ ಹೋಗಿ ಮೂವರು ಸತ್ರು ಅಂತ. ಮೊದಲು ದಡದಿಂದ ಕೋಲು ಚಾಚಬೇಕು, ಆಗದಿದ್ರೆ ಹಗ್ಗಾನೋ ಗಾಳಿ ತುಂಬಿದ ಟ್ಯೂಬೋ ಖಾಲಿ ಕ್ಯಾನೋ ಎಸೀಬೇಕು, ಆಮೇಲೆ ದೋಣಿ, ನೀರಿಗೆ ಇಳಿಯೋದು ಕಟ್ಟಕಡೆಗೆ, ಅದೂ ಕಲಿತವ್ರು ಮಾತ್ರ. ಇವೆಲ್ಲ ಸ್ಕಿಲ್. ಕಲಿಯೋಕೆ ಜಾಗ ಇವೆ: ರೆಡ್‌ಕ್ರಾಸ್ ಮತ್ತೆ ಸೇಂಟ್ ಜಾನ್ ಆಂಬುಲೆನ್ಸ್‌ನವ್ರು ಪ್ರಥಮ ಚಿಕಿತ್ಸೆ ತರಬೇತಿ ಕೊಡ್ತಾರೆ, ಆಪದಾ ಮಿತ್ರ ಅಂತ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ್ದು 12 ದಿನದ ಸ್ವಯಂಸೇವಕರ ತರಬೇತಿ ಇದೆ, ನಿನ್ನ ಜಿಲ್ಲೆಯಲ್ಲಿ ಬ್ಯಾಚ್ ಇದೆಯಾ ಅಂತ ಡಿಸಿ ಆಫೀಸಿನ ವಿಪತ್ತು ನಿರ್ವಹಣೆ ವಿಭಾಗದಲ್ಲಿ ವಿಚಾರ್ಸು, ಗೃಹರಕ್ಷಕ ದಳಾನೂ ಇದೆ. ಇವನ್ನ ಕಲೀತಾ ಇರೋ ಗುಂಪಲ್ಲಿ ಇಂಗ್ಲಿಷ್ ಬೇಕಾಗುತ್ತೆ, ಆಗ ನೋಡು ಇಂಗ್ಲಿಷ್ ಹೆಂಗೆ ಬರುತ್ತೆ.

ಇನ್ನು ಮುಂದಿನ ದಾರಿ. ಇನ್ನೊಂದು ವರ್ಷ ಪೂರ್ತಿ ಓದೋಕೆ ಮೀಸಲಿಡೋದು ಒಂದು, ಅದರಲ್ಲಿ ಲಿಖಿತಕ್ಕೆ ಸಮಯ ಸಿಗುತ್ತೆ, ಆದ್ರೆ ಈಗಿರೋ ಮನಸ್ಥಿತಿಯಲ್ಲಿ ಎಲ್ಲಾ ಮೊಟ್ಟೆ ಒಂದೇ ಬುಟ್ಟಿಗೆ ಹಾಕೋದು ನನಗೆ ಹೆದರಿಕೆ, ಹಂಗೇ ಮಾಡೋದಾದ್ರೆ ಯಾವ ತಿಂಗಳಿಗೆ ನಿಲ್ಲಿಸ್ತೀನಿ ಅಂತ ಇವತ್ತೇ ಬರೆದು ಅಪ್ಪನ ಕೈಗೆ ಕೊಡು. ದಿನಕ್ಕೆ ಐದಾರು ತಾಸಿನ ಕೆಲಸಕ್ಕೆ ಸೇರಿ ಜೊತೆಗೇ ಓದೋದು ಎರಡನೇದು, ಅದರ ಕಷ್ಟ ಅಂದ್ರೆ ಸುಸ್ತು, ಓದೋ ಸಮಯ ಅರ್ಧ ಆಗುತ್ತೆ, ಆದ್ರೆ ಆ ಅರ್ಧಾನ ಗಟ್ಟಿಯಾಗಿ ಓದಿ ಹೊರಬಿದ್ದ ಎಷ್ಟೋ ಜನ ಇದಾರೆ, ಅಪ್ಪನ ಮುಖ ನೋಡೋಕೆ ಧೈರ್ಯಾನೂ ಬರುತ್ತೆ. ಮೂರನೇದು ಅದೇ ಉದ್ದೇಶದ ಪಕ್ಕದ ದಾರಿಗಳು: ಅಗ್ನಿಶಾಮಕ, ಅರಣ್ಯ ರಕ್ಷಕ, ಆಂಬುಲೆನ್ಸಲ್ಲಿ ಹೋಗೋ ತುರ್ತು ಚಿಕಿತ್ಸೆ ಟೆಕ್ನಿಶಿಯನ್, ಮಕ್ಕಳ ಜೊತೆ ಇರೋಕೆ ಇಷ್ಟ ಇದ್ರೆ ದೈಹಿಕ ಶಿಕ್ಷಣ ಶಿಕ್ಷಕರಾಗೋಕೆ ಎರಡು ವರ್ಷದ ಬಿ.ಪಿ.ಎಡ್. ಇವಕ್ಕೂ ನೋಟಿಫಿಕೇಶನ್ನು, ಫೀಸು, ಕಾಯೋದು ಎಲ್ಲಾ ಇದೆ, ಆಂಬುಲೆನ್ಸ್ ಕೆಲಸದಲ್ಲಿ ನೈಟ್ ಶಿಫ್ಟ್ ಇದೆ ಸಂಬಳ ಶುರುವಲ್ಲಿ ಕಡಿಮೆ, ಮುಚ್ಚಿಡಲ್ಲ. ಊರಿಗೆ ಹೋಗಿ ಹೊಲ ನೋಡೋದೂ ಒಂದು ದಾರಿ, ಅದನ್ನ ಸೋತು ವಾಪಸ್ ಬಂದ ಅಂತ ನೋಡೋವ್ರ ಮಾತು ಆರು ತಿಂಗಳು ಇರುತ್ತೆ, ಆಮೇಲೆ ಅವರೇ ಪಂಪ್‌ಸೆಟ್ ರಿಪೇರಿಗೆ ನಿನ್ನನ್ನ ಕರೀತಾರೆ. ನನ್ನ ಕೇಳಿದ್ರೆ ಎರಡನೇದಕ್ಕೆ ಕೈ ಹಾಕು, ಅದರ ಜೊತೆ ಮೂರನೇದರ ಒಂದು ಅರ್ಜಿ.

ಓಟಕ್ಕೆ ವಾಪಸ್ ಬರೋದು ಹೆಂಗೆ ಅಂತ ಹೇಳ್ಬಿಡ್ತೀನಿ, ಬಿರುಕು ಇಲ್ಲ ಅಂತ ಡಾಕ್ಟರ್ ಹೇಳಿದ್ಮೇಲೆ ಮಾತ್ರ. ನೋವಿಲ್ಲದೆ ಚುರುಕಾಗಿ ಅರ್ಧ ತಾಸು ನಡೆಯೋಕೆ ಆಗೋವರೆಗೂ ಓಟ ಇಲ್ಲ. ಆಮೇಲೆ ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಎಂಟು ಸಲ, ದಿನ ಬಿಟ್ಟು ದಿನ, ಟಾರ್ ರೋಡ್ ಬೇಡ, ಮಣ್ಣಿನ ಗ್ರೌಂಡು ಇಲ್ಲಾಂದ್ರೆ ಕೆಲಗೇರಿ ಕೆರೆ ಕಡೆ ಮೆತ್ತಗಿರೋ ದಾರಿ ಸಾಕು. ಮಾತಾಡ್ತಾ ಓಡೋಕೆ ಆಗ್ಬೇಕು, ಅಷ್ಟೇ ವೇಗ, ಜೋರಾಗಿ ಓಡೋದು ವಾರಕ್ಕೆ ಒಂದೇ ದಿನ, ಅದೂ ಎರಡು ತಿಂಗಳಾದ್ಮೇಲೆ. ಓಡದ ದಿನಗಳಲ್ಲಿ ಎರಡು ದಿನ ಶಕ್ತಿಗೆ: ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು ಹದಿನೈದರಂತೆ ಮೂರು ಸಲ, ಬೈಠಕ್, ದಂಡ, ಮತ್ತೆ ಒಂದು ಚೀಲ ಹೊತ್ಕೊಂಡು ನಡೆಯೋದು, 15 ಕೆಜಿಯಿಂದ ಶುರು ಮಾಡಿ ತಿಂಗಳುಗಳ ಮೇಲೆ 45 ಕೆಜಿ ಯೂರಿಯಾ ಚೀಲದವರೆಗೂ ಬಾ. ನೋವು ಹತ್ತಕ್ಕೆ ಮೂರು ದಾಟಿದ್ರೆ, ಇಲ್ಲಾ ಮಾರನೇ ಬೆಳಿಗ್ಗೆ ಎದ್ದಾಗ ಇನ್ನೂ ಇದ್ರೆ ಒಂದು ಹೆಜ್ಜೆ ಹಿಂದೆ. ಶೂ ತಳ ಒಂದು ಕಡೆ ಸವೆದಿದ್ರೆ ಬದಲಾಯಿಸು, ದುಬಾರಿದು ಬೇಡ, ಕಾಲಿಗೆ ಕೂರೋದು ಸಾಕು.

ನೋಟಿಫಿಕೇಶನ್ ಇಲ್ಲದ ತಿಂಗಳಲ್ಲೂ ಇದನ್ನ ಬಿಡಬಾರ್ದು, ಕಡಿಮೆ ಮಾಡಬಹುದು. ವಾರಕ್ಕೆ ಎರಡು ದಿನ ಇಪ್ಪತ್ತು ನಿಮಿಷ ಓಡಿದ್ರೂ ಮೂಳೆ ತನ್ನ ಗಳಿಕೆನ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು, ಆಗ ಯಾವ ತಾರೀಖು ಬಂದ್ರೂ ಎಂಟು ವಾರ ಸಾಕು ನಿನಗೆ.

ಊಟ ನಿದ್ದೆ ಬಗ್ಗೆ ನೀನು ಬರೆದಿಲ್ಲ, ಆದ್ರೆ ನಾಲ್ಕೂವರೆಗೆ ಏಳೋನು ಲೈಬ್ರರಿ ಮುಗಿಸಿ ಹನ್ನೆರಡಕ್ಕೆ ಮಲಗ್ತಾನೆ ಅಂತ ನನಗೆ ಗೊತ್ತು. ನಾಲ್ಕೂವರೆ ತಾಸು ನಿದ್ದೆಯಲ್ಲಿ ಮೂಳೆನೂ ಕಟ್ಟಲ್ಲ ಓದಿದ್ದೂ ನಿಲ್ಲಲ್ಲ, ಏಳು ತಾಸು ಬೇಕೇ ಬೇಕು, ಬೆಳಿಗ್ಗೆ ಆರಕ್ಕೆ ಓಡಿದ್ರೆ ಸೂರ್ಯ ಏನೂ ಬೇಜಾರು ಮಾಡ್ಕೊಳಲ್ಲ. ರೂಮಿನ ಹುಡುಗ್ರು ಮೂರು ಹೊತ್ತೂ ಅನ್ನ ಸಾರು ತಿಂದು ಓಡ್ತಾರೆ, ಪ್ರೋಟೀನ್ ಎಲ್ಲಿಂದ ಬರ್ಬೇಕು, ಒಂದು ಹಿಡಿ ಶೇಂಗಾ, ನೆನೆಸಿದ ಕಡ್ಲಿ, ಮೊಳಕೆ ಹೆಸರುಕಾಳು, ತಿಂತೀಯಾದ್ರೆ ದಿನಕ್ಕೆ ಎರಡು ಮೂರು ಮೊಟ್ಟೆ, ಒಂದು ಲೋಟ ಹಾಲು, ರೊಟ್ಟಿ ಜೊತೆ ಬೇಳೆ ಗಟ್ಟಿಯಾಗಿ. ಡಬ್ಬಿ ಪೌಡರ್ ಬೇಕಾಗಿಲ್ಲ. ಹಿಮೋಗ್ಲೋಬಿನ್ನು ವಿಟಮಿನ್ ಡಿ ಒಂದ್ಸಲ ಚೆಕ್ ಮಾಡ್ಸು, ಮೂಳೆ ನೋವು ಅಂತ ಬರೋ ಹುಡುಗ್ರಲ್ಲಿ ವಿಟಮಿನ್ ಡಿ ಕಡಿಮೆ ಇರೋದನ್ನ ನಾನು ಪದೇ ಪದೇ ನೋಡ್ತೀನಿ.

ಡಾಕ್ಟರಿಗೆ ತೋರಿಸಿದ್ಮೇಲೆ ಏನು ಹೇಳಿದ್ರು ಅಂತ ಬರಿ. ನೋವು ಒಂದೇ ಜಾಗದಲ್ಲಾ ಉದ್ದಕ್ಕೂನಾ, ರಾತ್ರಿ ಇದೆಯಾ, ಇವೆರಡನ್ನೂ ತಪ್ಪದೇ ಹೇಳು. ಈ ಭಾನುವಾರ ಕಾಲಿಗೆ ರಜೆ ಇದ್ದೇ ಇದೆ, ಊರಿಗೆ ಹೋಗಿ ಬಾ, 2019ರಲ್ಲಿ ನಿನ್ನ ಜೊತೆ ನೀರಲ್ಲಿ ನಿಂತಿದ್ದ ಹುಡುಗ್ರಲ್ಲಿ ಯಾರ್ಯಾರು ಇನ್ನೂ ಊರಲ್ಲಿ ಇದಾರೆ ನೋಡು, ಹೊಳೆ ಮತ್ತೆ ಬಂದ್ರೆ ಹಗ್ಗ ಎಲ್ಲಿದೆ, ಟ್ಯೂಬ್ ಎಲ್ಲಿದೆ, ಯಾರ ಮನೇಲಿ ನಡೆಯಕ್ಕಾಗದವ್ರು ಇದಾರೆ ಅಂತ ಒಂದು ಹಾಳೆ ಮೇಲೆ ಬರ್ಕೊಂಡು ಬಾ. ಮುಂದಿನ ಪತ್ರದ ಜೊತೆ ಆ ಹಾಳೇದೂ ಒಂದು ಫೋಟೋ ಕಳ್ಸು.